ಬಣ್ಣ ಏರುವ ರೋಬೋ

"ಒಸಾಕಾದಲ್ಲಿ ಯಾರು ಬಣ್ಣದ ಡಬ್ಬಿ ತೆರೆದರೂ ಟೋಕಿಯೊದಲ್ಲಿ ಕೂತ ನನ್ನ ಮೂಗಿಗೆ ಗೊತ್ತಾಗುತ್ತೆ, ಅತ್ತಿಗೆ," ಎನ್ನುತ್ತ ತೊಕುನಾಗ ಆ ಪುಟ್ಟ ರೋಬೋವನ್ನು ಅಂಗೈ ಮೇಲೆ ನಿಲ್ಲಿಸಿಕೊಂಡ. ಮಡಚಿದರೆ ಲಾರಿಯಾಗುವ ಹಳೇ ಆಟಿಕೆ ಅದು. ಗೆಳೆಯ ಕಾಜಿ ಅದರ ಬಣ್ಣ ಕೆರೆದು, ಹೊಸದು ಬಳಿಯುವ ಮೊದಲೇ ತೀರಿಕೊಂಡಿದ್ದ. ಕಾಜಿಯ ಹೆಂಡತಿ ಫುಮಿಎ ಅದನ್ನು ಹಾಗೆಯೇ ಅವನ ಫೋಟೋದ ಮುಂದಿಟ್ಟಿದ್ದಳು. ಈಗ ಅದಕ್ಕೆ ವಾರಕ್ಕೊಂದು ಅಂಗದಂತೆ ತಾನಾಗಿ ಬಣ್ಣ ಏರುತ್ತಿತ್ತು.

"ಇದು ಯಾರ ಕೈ, ಹೇಳಿ. ನಮ್ಮವರೇ ಬರ್ತಿದ್ದರೆ ನಾನು ಈ ಮನೆ ಬಿಟ್ಟು ತಂಗಿ ಮನೆಗೆ ಹೋಗಲ್ಲ," ಎಂದಳು ಫುಮಿಎ. ಮೇಜಿನ ಆ ತುದಿಯಲ್ಲಿ, ಗಂಡನ ಜಾಗದಲ್ಲಿ, ಬಡಿಸಿಟ್ಟ ಅನ್ನ ಹಬೆಯಾಡುತ್ತಿತ್ತು.

"ಕಾಲಿಗೆ ಪಾಚಿ ಹಸಿರು, ಭುಜಕ್ಕೆ ಇಟ್ಟಿಗೆ ಕೆಂಪು. ಹೀಗೆ ಕೂಡಿಸೋ ಧೈರ್ಯ ಭೂಲೋಕದಲ್ಲಿ ಕಾಜಿಗೆ ಮಾತ್ರ. ಅದರಲ್ಲೂ ಎದೆಯೊಳಗಿನ ಆ ನೇರಳೆ ಇದೆಯಲ್ಲ, ಅದು ಬದುಕಿರೋರ ಕೈಗೆ ಬರಲ್ಲ."

ಫುಮಿಎ ರೋಬೋವನ್ನು ಮೆಲ್ಲನೆ ತೆಗೆದುಕೊಂಡು ಮಡಚಿದಳು. ಎದೆ ಟಕ್ಕೆಂದು ತೆರೆಯಿತು. ಒಳಗೆ ನೇರಳೆ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.

"ಅವರು ಹೋದಮೇಲೆ ಇದನ್ನ ನಾನು ಮಡಚ್ತಿರೋದು ಇದೇ ಮೊದಲು. ಒಳಗಿನ ಬಣ್ಣ ನಿಮಗೆ ಹೇಗೆ ಗೊತ್ತು?"

ತೊಕುನಾಗ ಈ ಸಲ ಬಡಾಯಿ ಕೊಚ್ಚಲಿಲ್ಲ.

"ಗುರುವಾರ ಊದುಬತ್ತಿ ಹಚ್ಚೋಕೆ ಬಂದಾಗೆಲ್ಲ, ನೀವು ಚಹಾ ತರೋಕೆ ಒಳಗೆ ಹೋದ ಹೊತ್ತಲ್ಲಿ ನಾನೇ ಬಳೀತಿದ್ದೆ, ಅತ್ತಿಗೆ. ಕಾಜಿ ಬಂದಿಲ್ಲ."