ರಾಜಕುಮಾರಿಯ ಅಂಗೈ

ದುಃಖವನ್ನು ಅಂಗೈಯಿಂದ ಅಂಗೈಗೆ ದಾಟಿಸುವುದು ರೂಢಿಯಾದ ಮೇಲೆ, ಅರಬ್ ದೇಶವೊಂದರ ರಾಜಕುಮಾರಿ ನುಹೈರಾ ಅದಕ್ಕೊಂದು ಚಿಕಿತ್ಸಾಲಯ ತೆರೆದಿದ್ದರು. ಮನಸ್ಸು ನೊಂದವರನ್ನು ಮನೆಯೊಳಗೆ ಮುಚ್ಚಿಡಬೇಡಿ ಎಂದು ಹೇಳಿ, ಮೊದಲು ತಮ್ಮ ಕೈಯನ್ನೇ ಚಾಚಿದವರು ಅವರು.

ಇಂದು ಅವರೆದುರು, ಅಲ್ಲೇ ನೆಲೆಸಿದ್ದ ಮಂಗಳೂರಿನ ಪ್ರಫುಲ್ಲಾ ಕುಳಿತಿದ್ದಳು. ಗಂಡ ದಿನಕರ ಗಾಜಿನಾಚೆಯಿಂದ ನೋಡುತ್ತಿದ್ದ. ಮಗಳು ತೀರಿಕೊಂಡಂದಿನಿಂದ ಅವನು ಎಷ್ಟು ಬಾರಿ ಕೈ ಚಾಚಿದರೂ ಅವಳು ಮುಷ್ಟಿ ಬಿಗಿಹಿಡಿಯುತ್ತಿದ್ದಳು. ಅದೇ ಮುಷ್ಟಿ ಈಗ ಹೊರಗಿನವರೊಬ್ಬರ ಕೈಯಲ್ಲಿ ಸಲೀಸಾಗಿ ಬಿಚ್ಚಿಕೊಂಡಿತು. ರಾಜಕುಮಾರಿ ಅವನ ಮಗಳಿಗಾಗಿ ಅಳತೊಡಗಿದರು. ತನ್ನ ಮನೆಯ ಕಣ್ಣೀರು ಬೇರೆಯವರ ಕೆನ್ನೆಯ ಮೇಲೆ ಇಳಿಯುವುದನ್ನು ಕಂಡು ಅವನ ಹೊಟ್ಟೆ ಉರಿಯಿತು.

ಕಾರಿನಲ್ಲಿ ಕುಳಿತ ಮೇಲೆ ಕೇಳಿಯೇಬಿಟ್ಟ: "ನನಗೆ ಕೊಡಬಾರದಿತ್ತಾ? ಅರಮನೆಯವರೇ ಆಗಬೇಕಿತ್ತಾ ನಿನಗೆ?"

"ಎಂತ ಮಾರಾಯ್ರೆ, ಅವರ ಮೇಲೂ ಹೊಟ್ಟೆಕಿಚ್ಚಾ?" ಪ್ರಫುಲ್ಲಾ ಎಷ್ಟೋ ತಿಂಗಳ ನಂತರ ನಕ್ಕಳು. "ನಿಮ್ಮ ಕೈಯಲ್ಲಿ ನಿಮ್ಮದೇ ತುಂಬಿ ಉಂಟು. ಅದರ ಮೇಲೆ ನನ್ನದೂ ಹೇಗೆ ಹೇರುವುದು?"

"ಹಾಗಾದರೆ ನಾಳೆ ನಾನೂ ಅವರ ಹತ್ತಿರವೇ ಹೋಗುತ್ತೇನೆ."

ಅವಳ ನಗು ನಿಂತಿತು. ಖಾಲಿಯಾದ ಅಂಗೈಯನ್ನು ಅವನ ಮುಂದೆ ಹಿಡಿದಳು.

"ನಿಮ್ಮದನ್ನು ಮಾತ್ರ ನಾನು ಯಾರಿಗೂ ಬಿಡುವುದಿಲ್ಲ. ಇಲ್ಲಿ ಕೊಡಿ."