ಇರೋ ಡ್ರೈವರ್‌ನ ಕರೀಬಾರ್ದಾ?

ಮೈಸೂರಿನ ಒಂದು ಪುಟ್ಟ ಕಂಪನಿ...

ಡೇರಿಯ ಟ್ಯಾಂಕಿನಲ್ಲಿ ಹಾಲು ಎಷ್ಟು ತಣ್ಣಗಿದೆ ಎಂದು ಮೊಬೈಲಿಗೆ ತಿಳಿಸುವ ಯಂತ್ರವೊಂದನ್ನು ಅಲ್ಲಿ ತಯಾರಿಸುತ್ತಿದ್ದರು.

ಆ ಕೆಲಸ ವೈಜಯಂತಿಯ ಪಾಲಿಗೆ ಬಂದಿತ್ತು. ಮಗಳಿಗಾಗಿ ಕೆಲಸ ಬಿಟ್ಟು, ಎಷ್ಟೋ ವರ್ಷಗಳ ಮೇಲೆ ಮತ್ತೆ ಕಂಪ್ಯೂಟರ್ ಮುಂದೆ ಕೂತವಳು ಅವಳು.

ಪ್ರೊಬೇಷನ್ ಮುಗಿಯುತ್ತಾ ಬಂದಿತ್ತು. ನಾಳೆ ಡೇರಿಯವರ ಮುಂದೆ ಡೆಮೊ. ಯಂತ್ರ ಓಡಿದರೆ ಕೆಲಸ ಖಾಯಂ... ಇಲ್ಲದಿದ್ದರೆ ಮನೆಗೆ.

ತೊಡಕು ಇದ್ದದ್ದು ಉಗುರಿನಷ್ಟು ಚಿಕ್ಕ ಒಂದು ಚಿಪ್‌ನಲ್ಲಿ.

ಟ್ಯಾಂಕಿನೊಳಗಿನ ಸೆನ್ಸರ್ ಕೊಡುವುದು ವೋಲ್ಟೇಜಿನ ಏರಿಳಿತ. ಕಂಪ್ಯೂಟರಿಗೆ ಅರ್ಥವಾಗುವುದು ಅಂಕಿ. ನಡುವೆ ಕೂತು ಒಂದನ್ನು ಇನ್ನೊಂದಾಗಿಸುವುದೇ ಈ ಚಿಪ್... ಅನಲಾಗ್ ಟು ಡಿಜಿಟಲ್ ಕನ್ವರ್ಟರ್.

ಆ ಚಿಪ್‌ನ ಹತ್ತಿರ ಮಾತಾಡಲು ಒಂದು ಪ್ರೋಗ್ರಾಂ ಬೇಕು. ಅದನ್ನು ಡ್ರೈವರ್ ಅನ್ನುತ್ತಾರೆ.

ವೈಜಯಂತಿ ಕಲಿತ ಕಾಲದಲ್ಲಿ ಎಲ್ಲವನ್ನೂ ಕೈಯಾರೆ ಬರೆಯುತ್ತಿದ್ದರು. ಈಗಲೂ ಅವಳು ವಾರಗಟ್ಟಲೆ ಕೂತು ತಾನೇ ಡ್ರೈವರ್ ಬರೆಯುತ್ತಿದ್ದಳು. ಅದು ಒಮ್ಮೆ ಸೊನ್ನೆ ತೋರಿಸುತ್ತಿತ್ತು... ಇನ್ನೊಮ್ಮೆ ಬಾಯಿಗೆ ಬಂದ ಅಂಕಿ!

ಪಕ್ಕದ ಟೇಬಲ್ಲಿನ ಜಬೀನಾಳೂ ಇನ್ನೂ ಪ್ರೊಬೇಷನ್‌ನಲ್ಲೇ ಇದ್ದವಳು. ಅವಳು ಆಗಾಗ ಇಣುಕುತ್ತಿದ್ದಳು. "ಮೇಡಂ, ನಾನೂ ಸ್ವಲ್ಪ ನೋಡ್ಲಾ?"

"ಪರವಾಗಿಲ್ಲ ಜಬೀನಾ, ಆಗೋಯ್ತು." ಅಷ್ಟು ಹೇಳಿ ವೈಜಯಂತಿ ಸ್ಕ್ರೀನನ್ನು ಮೆಲ್ಲಗೆ ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಳು.

ತನಗೆ ಎಲ್ಲ ಮರೆತುಹೋಗಿದೆ ಎಂದು ಗೊತ್ತಾಗಿಬಿಟ್ಟರೆ...?

ಮಧ್ಯಾಹ್ನ ಡೇರಿಯ ಅಧ್ಯಕ್ಷೆ ಚೆಲುವಾಂಬಮ್ಮ ಫೋನ್ ಮಾಡಿದರು. ಕೈಯಲ್ಲಿ ಟೀ ಇದ್ದುದರಿಂದ ವೈಜಯಂತಿ ಸ್ಪೀಕರ್ ಹಾಕಿದಳು.

"ಏನವ್ವ, ನಾಳೆಗೆ ರೆಡಿನಾ?"

"ಡ್ರೈವರ್‌ದೇ ಸ್ವಲ್ಪ ತೊಂದರೆ ಅಮ್ಮ. ಹೊಸದಾಗಿ ನಾನೇ ಒಂದು ರೆಡಿ ಮಾಡ್ತಿದ್ದೀನಿ... ಇನ್ನೂ ಸರಿಯಾಗಿ ಓಡ್ತಿಲ್ಲ."

"ಅಯ್ಯೋ ನನ್ ತಾಯಿ! ಹೊಸಬನಿಗೆ ಕಲಿಸಿ ನೀನು ಯಾವಾಗ ಗಾಡಿ ಹತ್ತೋದು? ಮೊದಲಿಂದ ಇರೋ ಡ್ರೈವರ್‌ನ ಕರೀಬಾರ್ದಾ? ಯಾರೂ ಇಲ್ದಿದ್ರೆ ಹೇಳು, ನಮ್ಮ ಹಾಲಿನ ವ್ಯಾನ್ ಓಡ್ಸೋ ಮರಿಸ್ವಾಮಿನ ಕಳಿಸ್ತೀನಿ!"

ಜಬೀನಾ ಬಾಯಿ ಮುಚ್ಚಿಕೊಂಡು ನಕ್ಕಳು. ವೈಜಯಂತಿಗೂ ನಗು ತಡೆಯಲಾಗಲಿಲ್ಲ.

ನಗುತ್ತಿದ್ದವಳು ತಟ್ಟನೆ ನಗು ನಿಲ್ಲಿಸಿದಳು.

ಮೊದಲಿಂದ ಇರೋ ಡ್ರೈವರ್...?

ಅಂಥದ್ದೊಂದು ಇದೆಯೇ ಎಂದು ಅವಳು ಹುಡುಕಿಯೇ ಇರಲಿಲ್ಲ. ಎಲ್ಲಿ ಹುಡುಕಬೇಕೆಂದೂ ತಿಳಿದಿರಲಿಲ್ಲ. ಯಾರನ್ನಾದರೂ ಕೇಳಬೇಕಿತ್ತು...

ಸ್ಕ್ರೀನನ್ನು ಜಬೀನಾಳ ಕಡೆಗೆ ತಿರುಗಿಸಿದಳು. ಕೇಳಿಯೇಬಿಟ್ಟಳು. "ಜಬೀನಾ... ನನಗೆ ಗೊತ್ತಾಗ್ತಿಲ್ಲ. ಸ್ವಲ್ಪ ನೋಡ್ತೀರಾ?"

ಜಬೀನಾ ಕುರ್ಚಿ ಎಳೆದುಕೊಂಡು ಬಂದೇಬಿಟ್ಟಳು.

ಕಂಪ್ಯೂಟರಿನ ಎಲ್ಲ ಕೆಲಸಕ್ಕೂ ಬುಡವಾದ ಸಾಫ್ಟ್‌ವೇರ್ ಕರ್ನಲ್. ಇಬ್ಬರೂ ಅದರೊಳಗೆ ಹುಡುಕಿದರು. ಇತ್ತು! ಅದೇ ಚಿಪ್‌ಗೆ ಯಾರೋ, ಎಲ್ಲೋ, ಎಂದೋ ಬರೆದಿಟ್ಟ ಡ್ರೈವರ್... ಅಚ್ಚುಕಟ್ಟಾಗಿ ಕೂತಿತ್ತು.

"ಇಷ್ಟು ದಿನ ಇದು ಯಾಕೆ ಕೆಲಸ ಮಾಡ್ಲಿಲ್ಲ?" ಅಂದಳು ವೈಜಯಂತಿ.

ಯಂತ್ರದ ಸರ್ಕ್ಯೂಟ್ ಬೋರ್ಡಿನ ಮೇಲೆ ಏನೇನಿದೆ ಎಂದು ಕರ್ನಲ್‌ಗೆ ತಿಳಿಸುವ ಫೈಲನ್ನು ಜಬೀನಾ ತೆರೆದಳು. ಆ ಚಿಪ್‌ನ ಹೆಸರಿನ ಕೆಳಗೆ ಒಂದೇ ಪದ... 'ಡಿಸೇಬಲ್ಡ್'.

"ಇಲ್ಲಿ 'ಓಕೆ' ಅಂತ ಬರೀಬೇಕು ಮೇಡಂ, ಅಷ್ಟೇ. ಅದು ಬಂದು ಕೆಲಸ ಮಾಡುತ್ತೆ."

ವೈಜಯಂತಿ ಆ ಪದ ಅಳಿಸಿದಳು. ಓಕೆ ಎಂದು ಬರೆದಳು. ಬೋರ್ಡ್ ಆಫ್ ಆಗಿ ಮತ್ತೆ ಆನ್ ಆಯಿತು...

ಸ್ಕ್ರೀನಿನ ಮೇಲೆ ದೊಡ್ಡ ಅಂಕಿಯೊಂದು ಮೂಡಿತು.

"ಇಪ್ಪತ್ತಾರು ಸಾವಿರ! ಮೇಡಂ, ಹಾಲು ಸೂರ್ಯನಿಗಿಂತ ಬಿಸಿ ಆಗೋಯ್ತು!"

"ತಡೀರಿ, ಇದು ಚಿಪ್ ಕೊಟ್ಟ ಹಸಿ ಅಂಕಿ. ಡ್ರೈವರ್ ಪಕ್ಕದಲ್ಲೇ ಸ್ಕೇಲ್ ಅಂತ ಇನ್ನೊಂದು ಅಂಕಿ ಕೊಟ್ಟಿದೆ ನೋಡಿ. ಅದರಿಂದ ಗುಣಿಸಿದ್ರೆ ವೋಲ್ಟೇಜ್... ವೋಲ್ಟೇಜಿಂದ ಡಿಗ್ರಿ." ಈ ಲೆಕ್ಕ ವೈಜಯಂತಿಗೆ ಮರೆತೇ ಇರಲಿಲ್ಲ!

ಸೆನ್ಸರನ್ನು ಐಸ್ ತುಂಬಿದ ಲೋಟದಲ್ಲಿ ಇಳಿಬಿಟ್ಟರು. ಡಿಗ್ರಿ ಇಳಿಯಿತು... ಇಳಿಯುತ್ತಾ ಸೊನ್ನೆಯ ಹತ್ತಿರ ಬಂದು ನಿಂತಿತು.

ಇಬ್ಬರೂ ಚಪ್ಪಾಳೆ ಹೊಡೆದರು. ಆಮೇಲೆ ಜಬೀನಾ ತಲೆ ತಗ್ಗಿಸಿ, ಮೆಲ್ಲಗೆ ಅಂದಳು...

"ನಾನಂದ್ರೆ ನಿಮಗೆ ಆಗಲ್ಲ ಅಂದ್ಕೊಂಡಿದ್ದೆ ಮೇಡಂ. ನಾನು ಬಂದಾಗೆಲ್ಲ ಸ್ಕ್ರೀನ್ ತಿರುಗಿಸ್ತಿದ್ರಿ. ಏನು ತಪ್ಪು ಮಾಡಿದೆ ಅಂತ ಮನೇಲೂ ಯೋಚನೆ ಮಾಡ್ತಿದ್ದೆ..."

ವೈಜಯಂತಿ ಅವಳ ಕಡೆ ತಿರುಗಿದಳು.

ತನ್ನ ಭಯವನ್ನು ಮುಚ್ಚಿಡುತ್ತಿದ್ದೇನೆ ಎಂದುಕೊಂಡಿದ್ದಳು. ಪಕ್ಕದ ಜೀವವೊಂದು ಅದನ್ನು ತಿರಸ್ಕಾರ ಎಂದು ಓದಿಕೊಂಡಿತ್ತು!

ಜಬೀನಾಳ ಕೈ ಹಿಡಿದುಕೊಂಡಳು. ಕಣ್ಣು ತುಂಬಿ ಬಂತು. ಅದನ್ನು ನೋಡಿ ಜಬೀನಾಳ ಕಣ್ಣೂ ತುಂಬಿತು... ಕೊನೆಗೆ ಇಬ್ಬರಿಗೂ ನಗು.

ಮರುದಿನ ಡೆಮೊ. ಯಂತ್ರ ಸರಾಗವಾಗಿ ಓಡಿತು. ಕಂಪನಿಯ ಮಾಲೀಕರ ಮುಖ ಅರಳಿತು.

ಆಗ ಚೆಲುವಾಂಬಮ್ಮ ಒಂದು ಪ್ರಶ್ನೆ ಎಸೆದರು. "ನಮ್ಮೂರಲ್ಲಿ ಕರೆಂಟು ಒಂದು ಗಳಿಗೆ ಇದ್ರೆ ಇನ್ನೊಂದು ಗಳಿಗೆ ಇರಲ್ಲ. ಆಗಲೂ ಇದು ಸರಿಯಾದ ಲೆಕ್ಕಾನೇ ಹೇಳ್ತದಾ?"

ಮಾಲೀಕರು ವೈಜಯಂತಿಯನ್ನೇ ನೋಡುತ್ತಿದ್ದರು. ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು...

"ನನಗೆ ಗೊತ್ತಿಲ್ಲ ಅಮ್ಮ," ಅಂದಳು ವೈಜಯಂತಿ. "ಜಬೀನಾ, ನಿಮಗೆ ಗೊತ್ತಾ?"

"ಇಲ್ಲ ಮೇಡಂ, ನನಗೂ ಗೊತ್ತಿಲ್ಲ!"

"ಹಾಗಾದ್ರೆ ಇಬ್ಬರೂ ನಿಮ್ಮ ಡೇರಿಗೇ ಬಂದು, ಕರೆಂಟ್ ತೆಗೆದು ನೋಡಿ ಹೇಳ್ತೀವಿ."

ಚೆಲುವಾಂಬಮ್ಮ ಸೆರಗು ಸರಿಮಾಡಿಕೊಂಡು ಮಾಲೀಕರ ಕಡೆ ತಿರುಗಿದರು.

"ಸ್ವಾಮಿ, ಈ ಮಿಶನ್ನು ನಮಗೇ ಇರಲಿ. ಗೊತ್ತಿಲ್ದೇ ಇರೋದನ್ನ ಗೊತ್ತಿಲ್ಲ ಅನ್ನೋ ಹೆಣ್ಮಕ್ಕಳು ಮಾಡಿರೋದು... ಅದು ತೋರ್ಸೋ ನಂಬರ್‌ನ ನಂಬಬಹುದು. ಆದ್ರೆ ನೋಡೋಕೆ ಇವರಿಬ್ಬರೇ ಬರ್ಬೇಕು!"

ಮಾಲೀಕರು ನಕ್ಕರು. "ಬರ್ತಾರೆ ಅಮ್ಮ. ಇನ್ಮೇಲೆ ಇವರಿಬ್ಬರೂ ನಮ್ಮ ಖಾಯಂ ಜನಾನೇ."

*

ನಮಗೆ ಬೇಕಾದ ನೆರವು ಎಷ್ಟೋ ಸಲ ಹತ್ತಿರದಲ್ಲೇ ಇರುತ್ತದೆ... ಅದರ ಮುಂದೆ 'ಬೇಡ' ಎಂದು ಬರೆದಿಟ್ಟವರು ನಾವೇ.

ಇವತ್ತು ನೀವು 'ಪರವಾಗಿಲ್ಲ' ಎಂದು ವಾಪಸ್ ಕಳಿಸಿದ್ದು ಯಾರನ್ನು...? ಅವರು ಅದನ್ನು ಏನೆಂದು ಓದಿಕೊಂಡಿರಬಹುದು?