ಕಾದ ಕಲ್ಲಿನ ತಾಲೀಮು

“ಚಪ್ಪಲಿ ಬಿಡಲೇ! ಧಣೇರ ಮುಂದ ನಿಂತೀದಿ!” ನೆರಳಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ ಹೊಲದಾಳು ಮಲಕಪ್ಪ ಗುಡುಗಿದ. ಆಲಮೇಲದ ಶಂಕರೆಪ್ಪಗೌಡರು ಚಪ್ಪಲಿ ಕಳಚಿ, ತಮ್ಮದೇ ಮನೆಯ ಕಲ್ಲುಹಾಸಿನ ಅಂಗಳದಲ್ಲಿ, ಬಿಸಿಲಲ್ಲಿ ಕೈಮುಗಿದು ನಿಂತರು. ಅದು ೧೯೫೮ರ ಬೇಸಿಗೆಯ ನಾಟಕದ ತಾಲೀಮು. ಬಡ ರೈತನ ಗೋಳಿನ ಹಾಡಿಗೆ ಎಲ್ಲ ಊರಲ್ಲೂ ವನ್ಸ್‌ಮೋರ್ ಬೀಳುತ್ತದೆಂದು ಆ ಪಾತ್ರವನ್ನು ಗೌಡರೇ ಹಟ ಹಿಡಿದು ಇಟ್ಟುಕೊಂಡಿದ್ದರು. ಉಳಿದ ಕ್ರೂರ ಧಣಿಯ ಪಾತ್ರ ಮಲಕಪ್ಪನಿಗೆ ಬಂದಿತ್ತು. ನಾಟಕ ಕಲಿಸುವ ಮಾಸ್ತರ ಜೈನುದ್ದೀನರು ಮೂರು ಗಂಟೆಯ ಸಿಂದಗಿ ಬಸ್ಸು ಹಿಡಿಯಬೇಕಾದ್ದರಿಂದ ತಾಲೀಮು ನಡುಮಧ್ಯಾಹ್ನವೇ ಶುರುವಾಗಿತ್ತು.

ಹಾಡು ಏಳುವ ಹೊತ್ತಿಗೆ ಗೌಡರು ಒಂದು ಕಾಲು ಎತ್ತಿದರು. ಅದನ್ನಿಳಿಸಿ ಇನ್ನೊಂದನ್ನು ಎತ್ತಿದರು.

“ಗೌಡ್ರ, ಇದು ದುಃಖದ ಸೀನ್ ಐತ್ರಿ, ಕುಣೀಬ್ಯಾಡ್ರಿ,” ಎಂದರು ಮಾಸ್ತರರು.

“ನಾ ಎಲ್ಲಿ ಕುಣ್ಯಾಕತ್ತೇನ್ರಿ! ಕಲ್ಲು ರೊಟ್ಟಿ ಹಂಚಿನಂಗ ಕಾದೈತಿ!”

ಮಲಕಪ್ಪ ಮೀಸೆ ತಿರುವುತ್ತಲೇ ಹೇಳಿದ: “ಅದು ದಿನಾ ಕಾಯ್ತೈತ್ರಿ ಗೌಡ್ರ. ನಾವು ಕುಣಿಯೂದಿಲ್ಲ, ಅಷ್ಟ.”

ಆಳುಗಳು ಆ ಅಂಗಳಕ್ಕೆ ಚಪ್ಪಲಿ ಮೆಟ್ಟಿ ಬರುವಂತಿರಲಿಲ್ಲ. ಅವರ ಚಪ್ಪಲಿಗಳೆಲ್ಲ ತಲಬಾಗಿಲ ಹೊರಗೆ ಬಿದ್ದಿದ್ದವು. ಗೌಡರು ಎತ್ತಿದ ಕಾಲು ಇಳಿಸದೆ ಅತ್ತ ನೋಡಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕುಬಿಟ್ಟರು.

“ಏ, ಇನ್ನ ಮ್ಯಾಲ ಎಲ್ಲಾರೂ ಚಪ್ಪಲಿ ಹಾಕ್ಕೊಂಡ ಒಳಗ ಬರ್ರೋ! ಮಲಕಪ್ಪಾ, ಮೊದಲ ನೀ ಹಾಕ್ಕೊ!”

ಮಲಕಪ್ಪ ಕುರ್ಚಿಯಿಂದ ಜಿಗಿದು ಬಾಗಿಲಿಗೆ ಓಡಿದ. ಚಪ್ಪಲಿ ಮೆಟ್ಟಿ ಬಂದು, ಕಾದ ಕಲ್ಲಿನ ಮೇಲೆ ಅಂದು ಮೊದಲ ಸಲ ಅವನೂ ಕುಣಿದ.